ಓದುಗರ ಪ್ರಶ್ನೆ: ಪುಟ ತುಂಬಿದ ಜಾಹೀರಾತಿನ ಲೆಕ್ಕ ಕೇಳುವವರು ಯಾರು?

ಪ್ರಶ್ನೆ: ಇತ್ತೀಚೆಗೆ ಒಂದು ದಿನ ನಮ್ಮೂರಿನ ವಾಚನಾಲಯಕ್ಕೆ ಬರುವ ನಾಲ್ಕೂ ದಿನಪತ್ರಿಕೆಗಳಲ್ಲಿ ಒಂದೇ ಇಲಾಖೆಯ, ಪುಟ ತುಂಬುವ ಬಣ್ಣದ ಜಾಹೀರಾತು ಇತ್ತು. ಅದು ಶಂಕುಸ್ಥಾಪನೆಯೊಂದಕ್ಕೆ ಸಾರ್ವಜನಿಕರಿಗೆ ನೀಡಿದ ಆಹ್ವಾನ. ಕಾರ್ಯಕ್ರಮವಿದ್ದದ್ದು ಅದೇ ದಿನ ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮೂರಿನಿಂದ ಇನ್ನೂರು ಕಿಲೋಮೀಟರಿಗೂ ದೂರದ ಊರಿನಲ್ಲಿ. ನಮ್ಮಲ್ಲಿಗೆ ಪತ್ರಿಕೆ ಬರುವುದೇ ಒಂಬತ್ತು ಗಂಟೆಗೆ. ಇಂಥ ಜಾಹೀರಾತಿಗೆ ಎಷ್ಟು ಖರ್ಚಾಗುತ್ತದೆ, ಅದು ಯಾವ ಹಣ, ಕೇಳುವವರು ಯಾರಾದರೂ ಇದ್ದಾರೆಯೇ?
(ನಿವೃತ್ತ ಮುಖ್ಯೋಪಾಧ್ಯಾಯರು, ಹಾವೇರಿ ಜಿಲ್ಲೆ)

ಉತ್ತರ: ಮೊದಲಿಗೆ ಒಂದು ಮಾತು. ಸರ್ಕಾರಿ ಜಾಹೀರಾತಿನ ಹಣ ಪತ್ರಿಕೆಗಳ ಆದಾಯದ ದೊಡ್ಡ ಭಾಗ. ನಮ್ಮ ಪತ್ರಿಕೆಯೂ ಅದನ್ನು ಪಡೆಯುತ್ತದೆ. ಅದನ್ನು ನೆನಪಿನಲ್ಲಿಟ್ಟುಕೊಂಡೇ ಈ ಉತ್ತರವನ್ನು ಓದಬೇಕು.

ಖರ್ಚನ್ನು ಮನೆಯ ಅಳತೆಪಟ್ಟಿಯಿಂದಲೇ ಸ್ಥೂಲವಾಗಿ ಅಂದಾಜಿಸಬಹುದು. ಜಾಹೀರಾತಿನ ದರ ನಿಗದಿಯಾಗುವುದು ಚದರ ಸೆಂಟಿಮೀಟರಿಗೆ ಇಷ್ಟು ಎಂದು. ಒಂದು ಲಕ್ಷ ಪ್ರಸಾರದ ದಿನಪತ್ರಿಕೆಯ ಕಪ್ಪು ಬಿಳುಪು ಜಾಹೀರಾತಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ದರ 47.40 ರೂಪಾಯಿ, 2025ರ ನವೆಂಬರಿನಲ್ಲಿ ಅದನ್ನು ಶೇ 26ರಷ್ಟು ಏರಿಸಿ 59.68 ರೂಪಾಯಿ ಮಾಡಲಾಯಿತು. ದೊಡ್ಡ ಅಳತೆಯ ಪತ್ರಿಕೆಯ ಅಚ್ಚಾದ ಭಾಗವನ್ನು 33 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರ ಎಂದು ಹಿಡಿದರೆ 1,650 ಚದರ ಸೆಂ.ಮೀ. ಆಗುತ್ತದೆ, ಅಂದರೆ ಪುಟವೊಂದಕ್ಕೆ ಸುಮಾರು 98 ಸಾವಿರ ರೂಪಾಯಿ. ಬಣ್ಣಕ್ಕೆ ಮತ್ತು ಮುಖಪುಟಕ್ಕೆ ಹೆಚ್ಚಿನ ದರವಿದೆ, ಪ್ರಸಾರ ಹೆಚ್ಚಿದಂತೆ ದರವೂ ಏರುತ್ತದೆ. ರಾಜ್ಯ ಸರ್ಕಾರದ ದರಪಟ್ಟಿ ಬೇರೆಯಾದ್ದರಿಂದ ನೀವು ಕಂಡ ಜಾಹೀರಾತಿಗೆ ಇದೇ ಮೊತ್ತ ಎಂದು ಹೇಳಲಾಗದು. ಆದರೆ ನಾಲ್ಕು ಪತ್ರಿಕೆಗಳಲ್ಲಿ, ಅವುಗಳ ಎಲ್ಲ ಆವೃತ್ತಿಗಳಲ್ಲಿ ಅದು ಅಚ್ಚಾಗಿದ್ದರೆ ಬಿಲ್ಲಿನ ಮೊತ್ತ ಒಂದು ಶಾಲೆಯ ಸೋರುವ ಮಾಳಿಗೆಯನ್ನು ದುರಸ್ತಿ ಮಾಡಿಸುವಷ್ಟಾದರೂ ಇರುತ್ತದೆ ಎಂದು ಊಹಿಸುವುದು ತಪ್ಪಾಗದು.

ಯಾವ ಹಣ ಎಂಬ ಪ್ರಶ್ನೆಯೇ ಹೆಚ್ಚು ತೊಡಕಿನದು. ಸರ್ಕಾರದ ಲೆಕ್ಕದಲ್ಲಿ ‘ಮಾಹಿತಿ ಮತ್ತು ಪ್ರಚಾರ’ ಎಂಬುದಕ್ಕೆ 2220 ಎಂಬ ಪ್ರಧಾನ ಲೆಕ್ಕಶೀರ್ಷಿಕೆ, ಅಂದರೆ ಖರ್ಚು ಬರೆದಿಡುವ ಬಾಬತ್ತು, ಇದೆ. ಬಜೆಟ್ ಪುಸ್ತಕದಲ್ಲಿ ಅದನ್ನು ನೋಡಿ ಪ್ರಚಾರದ ಖರ್ಚು ಇಷ್ಟೇ ಎಂದುಕೊಂಡರೆ ಮೋಸಹೋದಂತೆ. ನಿಗಮ, ಮಂಡಳಿ, ಪ್ರಾಧಿಕಾರ, ನಗರಪಾಲಿಕೆಗಳು ತಮ್ಮ ತಮ್ಮ ಹಣದಿಂದ ಜಾಹೀರಾತು ಕೊಡುತ್ತವೆ. ಯೋಜನೆಗಳ ಅನುದಾನದೊಳಗೇ ‘ಜಾಗೃತಿ’ಗೆಂದು ಒಂದು ಪಾಲು ಇರುತ್ತದೆ. ಹೀಗೆ ಖರ್ಚು ಹತ್ತಾರು ಕಡೆ ಹಂಚಿಹೋಗಿರುವುದರಿಂದ ಸರ್ಕಾರ ಪ್ರಚಾರಕ್ಕೆಂದು ಒಟ್ಟು ಎಷ್ಟು ಸುರಿಯಿತು ಎಂಬುದು ಯಾವ ಒಂದು ಸಾಲಿನಲ್ಲೂ ಸಿಗುವುದಿಲ್ಲ. ‘ಬೇಟಿ ಬಚಾವೋ, ಬೇಟಿ ಪಢಾವೋ’ ಯೋಜನೆಯ ವಿಷಯದಲ್ಲಿ ಈ ಹಂಚಿಕೆ ಒಮ್ಮೆ ಬಯಲಾಯಿತು: 2016ರಿಂದ 2019ರವರೆಗೆ ಬಿಡುಗಡೆಯಾದ 446.72 ಕೋಟಿ ರೂಪಾಯಿಯಲ್ಲಿ ಶೇ 78.91ರಷ್ಟು ಮಾಧ್ಯಮ ಪ್ರಚಾರಕ್ಕೇ ಹೋಗಿತ್ತೆಂದು ಸಂಸತ್ತಿನ ಮಹಿಳಾ ಸಬಲೀಕರಣ ಸಮಿತಿ 2021ರ ಡಿಸೆಂಬರಿನಲ್ಲಿ ವರದಿ ಮಾಡಿತು. ಹೆಣ್ಣುಮಕ್ಕಳ ಬಗ್ಗೆ ಜನರ ಮನಸ್ಸು ಬದಲಾಗಬೇಕಾದರೆ ಪ್ರಚಾರ ಬೇಕೇ ಬೇಕು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಶಿಕ್ಷಣ, ಆರೋಗ್ಯಗಳ ಪಾಲಿಗೆ ಉಳಿದದ್ದು ಎಷ್ಟು ಎಂದು ಸಮಿತಿ ಕೇಳಿದ್ದು ಸರಿಯಾಗಿಯೇ ಇತ್ತು.

ಕೇಳುವವರ ವಿಚಾರಕ್ಕೆ ಬರೋಣ. ‘ಕಾಮನ್ ಕಾಸ್’ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಪ್ರೊ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿ, ಅದರ ಶಿಫಾರಸುಗಳನ್ನು ಬಹುಮಟ್ಟಿಗೆ ಒಪ್ಪಿ 2015ರ ಮೇ 13ರಂದು ತೀರ್ಪು ನೀಡಿತು. ಜಾಹೀರಾತು ಸರ್ಕಾರದ ಹೊಣೆಗಾರಿಕೆಗೆ ಸಂಬಂಧಿಸಿರಬೇಕು, ವಸ್ತುನಿಷ್ಠವಾಗಿರಬೇಕು, ಆಳುವ ಪಕ್ಷದ ಹಿತಕ್ಕೆ ಬಳಕೆಯಾಗಬಾರದು, ಖರ್ಚಿಗೆ ತಕ್ಕ ಸಮರ್ಥನೆ ಇರಬೇಕು ಎಂಬುದು ಅದರ ತಿರುಳು. ದೂರು ವಿಚಾರಿಸಲು ಮೂವರ ಸಮಿತಿಯೂ 2016ರಲ್ಲಿ ಬಂತು. ಕರ್ನಾಟಕ ತನ್ನದೇ ಸಮಿತಿ ರಚಿಸುವ ಬದಲು ಕೇಂದ್ರದ ಈ ಸಮಿತಿಯ ಪರಿಶೀಲನೆಗೇ ಸಮ್ಮತಿಸಿದ ರಾಜ್ಯಗಳಲ್ಲೊಂದು. ದೆಹಲಿಯಲ್ಲಿ ಈ ಸಮಿತಿಯ ಆದೇಶದ ಎಳೆ ಹಿಡಿದು, 2023ರ ಜನವರಿಯಲ್ಲಿ ಸರ್ಕಾರಿ ಹಣದಲ್ಲಿ ಪಕ್ಷದ ಪ್ರಚಾರ ನಡೆದಿದೆ ಎಂದು ಆಗಿನ ಆಳುವ ಪಕ್ಷಕ್ಕೆ ಬಡ್ಡಿಸಹಿತ 163.62 ಕೋಟಿ ರೂಪಾಯಿ ಕಟ್ಟುವಂತೆ ನೋಟಿಸು ಹೋಗಿತ್ತು.

ಆದರೆ ಮೆನನ್ ಸಮಿತಿಯ ಒಂದು ಶಿಫಾರಸನ್ನು ನ್ಯಾಯಾಲಯ ಒಪ್ಪಲಿಲ್ಲ. ಪ್ರತಿ ಸಚಿವಾಲಯವೂ ತನ್ನ ಜಾಹೀರಾತುಗಳ ಬಗ್ಗೆ ಪ್ರತ್ಯೇಕ ಕಾರ್ಯಸಾಧನೆಯ ಲೆಕ್ಕಪರಿಶೋಧನೆ (ಖರ್ಚಿನಿಂದ ಆದ ಫಲವೇನು ಎಂಬ ಪರಿಶೀಲನೆ) ಮಾಡಿಸಬೇಕು ಎಂಬುದು ಆ ಶಿಫಾರಸು. ಈಗಿರುವ ವ್ಯವಸ್ಥೆಯೇ ಸಾಕು ಎಂದು ಅದನ್ನು ಕೈಬಿಡಲಾಯಿತು. ನನ್ನ ಮಟ್ಟಿಗೆ ನಷ್ಟವಾದದ್ದು ಇಲ್ಲೇ. ಬಿಲ್ಲು ಸರಿಯಿದೆಯೇ, ದರ ಸರಿಯಿದೆಯೇ ಎಂದು ನೋಡುವವರಿದ್ದಾರೆ. ಹನ್ನೊಂದು ಗಂಟೆಯ ಸಮಾರಂಭಕ್ಕೆ ಒಂಬತ್ತು ಗಂಟೆಗೆ ಹಾವೇರಿಯವರನ್ನು ಕರೆದು ಸಾಧಿಸಿದ್ದೇನು ಎಂದು ಕೇಳಬೇಕಾದ ಕಡ್ಡಾಯ ಯಾರಿಗೂ ಇಲ್ಲ. ಸರ್ಕಾರಿ ಜಾಹೀರಾತನ್ನು ನಾನು ಅಳೆಯುವುದು ಒಂದೇ ರೀತಿಯಲ್ಲಿ: ಅದನ್ನು ಕತ್ತರಿಸಿ ಇಟ್ಟುಕೊಳ್ಳಬೇಕು ಅನ್ನಿಸುತ್ತದೆಯೇ? ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ಬೆಳೆವಿಮೆಗೆ ಬೇಕಾದ ದಾಖಲೆ, ಲಸಿಕೆ ಹಾಕುವ ಸ್ಥಳ ಇದ್ದರೆ ಯಾರಾದರೂ ಇಟ್ಟುಕೊಳ್ಳುತ್ತಾರೆ. ಕೈಮುಗಿದು ನಿಂತವರ ಚಿತ್ರವನ್ನು ಇಟ್ಟುಕೊಂಡವರನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: ಜಾಹೀರಾತಿನಲ್ಲಿ ಮಂತ್ರಿಗಳ ಚಿತ್ರ ಕೂಡದು ಎಂದು ಸುಪ್ರೀಂ ಕೋರ್ಟು ಹೇಳಿತ್ತಲ್ಲ? ಈಗ ಎಲ್ಲೆಲ್ಲೂ ಅವರೇ ಇದ್ದಾರೆ.
(ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಹೇಳಿದ್ದು ನಿಜ. 2015ರಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಯ ಚಿತ್ರಗಳಿಗೆ ಮಾತ್ರ ಅವಕಾಶವಿತ್ತು. ರಾಜ್ಯಗಳು ಮರುಪರಿಶೀಲನೆ ಕೋರಿದ ಮೇಲೆ 2016ರ ಮಾರ್ಚ್ 18ರಂದು ರಾಜ್ಯಪಾಲರು, ಮುಖ್ಯಮಂತ್ರಿಗಳು ಮತ್ತು ಆಯಾ ಇಲಾಖೆಯ ಸಚಿವರಿಗೂ ಅವಕಾಶ ದೊರೆಯಿತು. ಚುನಾವಣೆ ಘೋಷಣೆಯಾದ ಮೇಲೆ ಮಾತ್ರ ನೀತಿ ಸಂಹಿತೆ ಅಡ್ಡ ಬರುತ್ತದೆ, ಅದೂ ಕೆಲವೊಮ್ಮೆ ರಾಜ್ಯದ ಗಡಿ ದಾಟಿ. 2023ರ ನವೆಂಬರಿನಲ್ಲಿ ತೆಲಂಗಾಣದ ಮತದಾನಕ್ಕೆ ಮೂರು ದಿನವಿರುವಾಗ, ಅಲ್ಲಿನ ಪತ್ರಿಕೆಗಳಲ್ಲಿ ಕರ್ನಾಟಕ ಸರ್ಕಾರದ ಸಾಧನೆಯ ಜಾಹೀರಾತುಗಳನ್ನು ಪ್ರಕಟಿಸುವುದನ್ನು ನಿಲ್ಲಿಸುವಂತೆ ಚುನಾವಣಾ ಆಯೋಗ ಸೂಚಿಸಿತು. ಮೊದಲೇ ಅನುಮತಿ ಪಡೆದಿರಲಿಲ್ಲ ಎಂಬುದು ಆಕ್ಷೇಪ.

ಪ್ರಶ್ನೆ: ಒಂದು ಜಾಹೀರಾತಿನ ಖರ್ಚನ್ನು ನಾನೇ ತಿಳಿಯಬೇಕಾದರೆ ಏನು ಮಾಡಬೇಕು?
(ರೈತರು, ಮಂಡ್ಯ ಜಿಲ್ಲೆ)

ಉತ್ತರ: ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಆದ್ದರಿಂದ ಸಿಟ್ಟನ್ನೆಲ್ಲ ಅದರಲ್ಲಿ ತೋಡಿಕೊಳ್ಳಬೇಡಿ. ‘ಐದು ವರ್ಷದ ಎಲ್ಲ ಜಾಹೀರಾತುಗಳ ವಿವರ’ ಎಂದು ಕೇಳಿದರೆ ಹಿಂಬರಹ ಬರುವ ಸಂಭವವೇ ಹೆಚ್ಚು. ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಬರೆದು, ಆ ಒಂದು ಜಾಹೀರಾತಿನ ಬಿಡುಗಡೆ ಆದೇಶದ ಪ್ರತಿ, ಪಾವತಿಸಿದ ಮೊತ್ತ, ಲೆಕ್ಕಶೀರ್ಷಿಕೆ ಇಷ್ಟನ್ನೇ ಕೇಳಿ. ಪತ್ರಿಕೆಗೆ ಜಾಹೀರಾತು ಹೋಗುವುದು ಆ ಆದೇಶದ ಮೇಲೆಯೇ, ಅದರಲ್ಲಿ ದಿನಾಂಕವೂ ಇರುತ್ತದೆ. ಹಾವೇರಿಯ ಮೇಷ್ಟ್ರು ಕೂಡ ಅದನ್ನು ತರಿಸಿಕೊಂಡರೆ, ಊರವರನ್ನು ಕರೆಯಬೇಕೆಂಬ ನೆನಪು ಇಲಾಖೆಗೆ ಸಮಾರಂಭಕ್ಕೆ ಎಷ್ಟು ಗಂಟೆ ಮುಂಚೆ ಬಂತು ಎಂಬುದೂ ತಿಳಿಯುತ್ತದೆ.