ಸಿಲಿಂಡರ್ ನಂಬರ್ ಇದ್ದವರು ಲೆನ್ಸ್ ಹಾಕಬಹುದಾ?

ಪ್ರಶ್ನೆ: ನನಗೆ 26 ವರ್ಷ. ಹೈಸ್ಕೂಲಿನಿಂದ ಕನ್ನಡಕ ಹಾಕುತ್ತಿದ್ದೇನೆ. ಬಲಗಣ್ಣಿಗೆ ಮೈನಸ್ 4.50, ಸಿಲಿಂಡರ್ ಮೈನಸ್ 1.75, ಆಕ್ಸಿಸ್ 168. ಎಡಗಣ್ಣಿಗೆ ಮೈನಸ್ 4.00, ಸಿಲಿಂಡರ್ ಮೈನಸ್ 0.50. ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ. ಸಂಜೆ ಬ್ಯಾಡ್ಮಿಂಟನ್ ಆಡುವಾಗ ಬೆವರಿಗೆ ಕನ್ನಡಕ ಜಾರುತ್ತದೆ. ಸಿಲಿಂಡರ್ ಇದ್ದರೆ ಲೆನ್ಸ್ ಆಗಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ಹಿಂದೊಮ್ಮೆ ಟ್ರಯಲ್ ಲೆನ್ಸ್ ಹಾಕಿ ನೋಡಿದಾಗ ಬಲಗಣ್ಣು ಒಮ್ಮೆ ಸ್ಪಷ್ಟ, ಒಮ್ಮೆ ಮಂಜು. ನಾನು ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಹಿಡಿದದ್ದು ಆ ‘ಒಮ್ಮೆ ಸ್ಪಷ್ಟ, ಒಮ್ಮೆ ಮಂಜು’. ಲೆನ್ಸಿನ ನಂಬರೇ ತಪ್ಪಿದ್ದರೆ ಮಂಜು ಇಡೀ ಹೊತ್ತು ಇರುತ್ತದೆ. ಬಂದು ಹೋಗುವ ಮಂಜು ಅಂದರೆ ಹೆಚ್ಚಾಗಿ ಲೆನ್ಸ್ ಕಣ್ಣಿನೊಳಗೆ ತಿರುಗುತ್ತಿದೆ ಅಂತ ಅರ್ಥ. ಇದನ್ನು ಸರಿಮಾಡಬಹುದು. ಆದ್ದರಿಂದ ಗೆಳೆಯರ ಮಾತು ಕೇಳಿ ಲೆನ್ಸಿನ ಆಸೆ ಬಿಡಬೇಡಿ.

ಮೈನಸ್ ನಂಬರ್ ಇದ್ದರೆ ದೂರದ ಬೆಳಕು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮೇಲೆ ಬೀಳುವ ಬದಲು ಅದಕ್ಕಿಂತ ಮುಂದೆಯೇ ಕೂಡಿಬಿಡುತ್ತದೆ. ಸಿಲಿಂಡರ್, ಅಂದರೆ ಅಸ್ಟಿಗ್ಮ್ಯಾಟಿಸಂ ಇದ್ದರೆ ಇನ್ನೊಂದು ತೊಡಕು. ಕಣ್ಣಿನ ಮುಂಭಾಗದ ಕಾರ್ನಿಯಾ ಒಂದು ದಿಕ್ಕಿನಲ್ಲಿ ಜಾಸ್ತಿ ಬಾಗಿರುತ್ತದೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಕಡಿಮೆ. ಬೆಳಕು ಒಂದೇ ಕಡೆ ಕೂಡುವುದಿಲ್ಲ. ರಾತ್ರಿ ದೀಪಗಳು ಗೆರೆಗೆರೆಯಾಗಿ ಚಾಚಿಕೊಂಡಂತೆ ಕಾಣುವುದು ಇದರಿಂದಲೇ. ಹಾಗಾಗಿ ಸಿಲಿಂಡರ್ ನಂಬರಿಗೆ ಯಾವಾಗಲೂ ಒಂದು ದಿಕ್ಕು ಇರುತ್ತದೆ. ಅದನ್ನೇ ಆಕ್ಸಿಸ್ ಅನ್ನುವುದು. ನಿಮ್ಮ ಚೀಟಿಯ 168 ಆ ದಿಕ್ಕು.

ಇದನ್ನು ಮನೆಯಲ್ಲೇ ನೋಡಬಹುದು. ಕನ್ನಡಕ ತೆಗೆದು ಕೈಯಳತೆ ದೂರದಲ್ಲಿ ಹಿಡಿಯಿರಿ. ಬಲಗಾಜಿನ ಮೂಲಕ ಬಾಗಿಲಿನ ನೇರ ಅಂಚು ನೋಡಿ. ಈಗ ಕನ್ನಡಕವನ್ನು ಸ್ಟೀರಿಂಗ್ ತಿರುಗಿಸಿದ ಹಾಗೆ ನಿಧಾನಕ್ಕೆ ತಿರುಗಿಸಿ. ಗಾಜಿನೊಳಗೆ ಕಾಣುವ ಅಂಚು ಓರೆಯಾಗುತ್ತದೆ, ಹೊರಗಿನ ಅಂಚಿನ ಜೊತೆ ಸೇರುವುದಿಲ್ಲ. ಎಡಗಾಜಿನಲ್ಲಿ ಇದು ಕಂಡೂ ಕಾಣದ ಹಾಗಿರುತ್ತದೆ. ನಿಮ್ಮ ಎರಡು ಕಣ್ಣಿಗೂ ಇರುವ ವ್ಯತ್ಯಾಸ ಇದು.

ಕನ್ನಡಕದಲ್ಲಿ ಗಾಜು ಫ್ರೇಮಿನೊಳಗೆ ಭದ್ರವಾಗಿ ಕೂತಿರುತ್ತದೆ, ದಿಕ್ಕು ಕದಲುವುದಿಲ್ಲ. ಈ ಪರಿಹಾರಕ್ಕೆ ಸುಮಾರು 200 ವರ್ಷ ಆಯಿತು. 1825ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ತಮ್ಮ ಎಡಗಣ್ಣಿನ ದೋಷವನ್ನು ತಾವೇ ಅಳೆದು, ಅದಕ್ಕೆ ತಕ್ಕ ಸಿಲಿಂಡರ್ ಗಾಜು ಮಾಡಿಸಿಕೊಂಡಿದ್ದರು. ಇವತ್ತು ಕನ್ನಡಕದ ಆಕ್ಸಿಸ್ ಒಂದೊಂದು ಡಿಗ್ರಿಯ ಲೆಕ್ಕದಲ್ಲಿ, ಸಿಲಿಂಡರ್ 0.25ರ ಲೆಕ್ಕದಲ್ಲಿ ಸಿಗುತ್ತದೆ. ನಿಮ್ಮ 168 ಸರಿಯಾಗಿ 168ಕ್ಕೇ ಕೂರುತ್ತದೆ.

ಸಾಫ್ಟ್ ಲೆನ್ಸ್ ಕಣ್ಣೀರಿನ ಪದರದ ಮೇಲೆ ತೇಲುವ ವಸ್ತು. ಸಿಲಿಂಡರ್‌ಗೆ ಕೊಡುವ ಲೆನ್ಸಿಗೆ ಟೋರಿಕ್ ಲೆನ್ಸ್ ಅಂತ ಹೆಸರು. ಅದು ತಿರುಗದ ಹಾಗೆ ಮಾಡಲು ಕೆಲವು ಲೆನ್ಸುಗಳ ಕೆಳಭಾಗವನ್ನು ದಪ್ಪ ಮಾಡುತ್ತಾರೆ, ಇನ್ನು ಕೆಲವದರಲ್ಲಿ ಮೇಲೆ ಕೆಳಗೆ ತೆಳು, ಎಡಬಲ ದಪ್ಪ. ಪ್ರತಿ ಸಲ ಕಣ್ಣು ಮಿಟುಕಿಸಿದಾಗ ರೆಪ್ಪೆ ದಪ್ಪ ಭಾಗವನ್ನು ಒತ್ತಿ ಅದರ ಜಾಗಕ್ಕೆ ತಳ್ಳುತ್ತದೆ. ಇದು ಕೆಲಸ ಮಾಡಿದರೆ ಚೆನ್ನಾಗಿ ಕಾಣುತ್ತದೆ. ತಪ್ಪಿದರೆ ಏನಾಗುತ್ತದೆ ನೋಡಿ. ಲೆನ್ಸ್ 10 ಡಿಗ್ರಿ ತಿರುಗಿದರೆ ಸಿಲಿಂಡರಿನ ಮೂರನೇ ಒಂದು ಭಾಗದಷ್ಟು ದೋಷ ಉಳಿಯುತ್ತದೆ. 30 ಡಿಗ್ರಿ ತಿರುಗಿದರೆ ಪೂರ್ತಿ ಸಿಲಿಂಡರಿನಷ್ಟೇ ದೋಷ ಉಳಿದು, ಹಾಕಿಯೂ ಹಾಕದ ಹಾಗೆ.

ಟೋರಿಕ್ ಲೆನ್ಸ್ ಹಾಕಿದ ಮೇಲೆ ನಾನು ಮೊದಲು ನೋಡುವುದು ಅದರ ಗುರುತನ್ನು. ಕೆಲವದರಲ್ಲಿ ಗುರುತು ಕೆಳ ಅಂಚಿನಲ್ಲಿ, ಗಡಿಯಾರದ 6 ಇರುವ ಜಾಗದಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆಯಾಗಿ ಇರುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಈಗ ನೇರ ನೋಡಿ ಮಿಟುಕಿಸಿ ಅನ್ನುತ್ತೇನೆ. ಗೆರೆ ಪ್ರತಿ ಸಲ ಒಂದೇ ಕಡೆಗೆ ವಾಪಸ್ ಬಂದರೆ, ಅದು 6ರಿಂದ ಸ್ವಲ್ಪ ಆಚೆ ಇದ್ದರೂ ಪರವಾಗಿಲ್ಲ. ಎಷ್ಟು ಡಿಗ್ರಿ ಸರಿದಿದೆಯೋ ಅದನ್ನು ಲೆಕ್ಕ ಹಾಕಿ ಬೇರೆ ಆಕ್ಸಿಸ್ ಲೆನ್ಸ್ ಕೊಟ್ಟರೆ ಸರಿಹೋಗುತ್ತದೆ. ಗೆರೆ ಒಂದೊಂದು ಸಲ ಒಂದೊಂದು ಕಡೆ ನಿಂತರೆ ಆಕ್ಸಿಸ್ ಬದಲಿಸಿ ಪ್ರಯೋಜನವಿಲ್ಲ. ಬೇರೆ ವಿನ್ಯಾಸದ, ಬೇರೆ ಅಳತೆಯ ಲೆನ್ಸೇ ಬೇಕು. ನಿಮ್ಮದು ಈ ಎರಡನೆಯ ಜಾತಿ ಅನ್ನಿಸುತ್ತದೆ. ಒಂದು ಬಗೆ ಕೂರಲಿಲ್ಲ ಅಂತ ಎಲ್ಲವೂ ಕೂರಲ್ಲ ಅಂತೇನಿಲ್ಲ, ಅಲ್ವಾ? ಬೇರೆ ಬಗೆಯ ಟ್ರಯಲ್ ಕೇಳಿ ಪಡೆಯಿರಿ. ಕೇಳುವುದು ನಿಮ್ಮ ಹಕ್ಕು.

ಹಾಗಂತ ಕನ್ನಡಕದ ಚೀಟಿ ಹಿಡಿದು ಸುಮ್ನೆ ಲೆನ್ಸ್ ತರಿಸಬೇಡಿ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಇರುತ್ತದೆ, ಲೆನ್ಸ್ ಕಣ್ಣಿಗೇ ಅಂಟಿರುತ್ತದೆ. ನಂಬರ್ 4 ದಾಟಿದ ಮೇಲೆ ಈ ಅಂತರದ ಲೆಕ್ಕ ಬಿಡುವ ಹಾಗಿಲ್ಲ. ನಿಮ್ಮ ಬಲಗಣ್ಣಿನ ಮೈನಸ್ 4.50 ಲೆನ್ಸಿನಲ್ಲಿ 4.25 ಆಗುತ್ತದೆ. ಸಿಲಿಂಡರ್ 1.75 ಇದ್ದದ್ದು ಸುಮಾರು 1.50ಕ್ಕೆ ಇಳಿಯುತ್ತದೆ. ಆದರೆ ಟೋರಿಕ್ ಲೆನ್ಸ್ ಸಾಮಾನ್ಯವಾಗಿ 0.75, 1.25, 1.75, 2.25 ಹೀಗೆ ಬರುತ್ತದೆ, 1.50 ಇರುವುದಿಲ್ಲ. ಅಂಥಲ್ಲಿ ನಾವು ಮೊದಲು ಕಡಿಮೆಯದನ್ನೇ, 1.25 ಹಾಕಿ ನೋಡುತ್ತೇವೆ. ಲೆನ್ಸ್ ಸ್ವಲ್ಪ ತಿರುಗಿದರೂ ಕಿರಿಕಿರಿ ಕಡಿಮೆ. ಆಕ್ಸಿಸ್ 10 ಡಿಗ್ರಿಯ ಹೆಜ್ಜೆಯಲ್ಲಿ ಬರುವುದರಿಂದ 168 ಬದಲು 170. ಎಡಗಣ್ಣಿಗೆ ಟೋರಿಕ್ ಬೇಡವೇ ಬೇಡ. 0.50 ಸಿಲಿಂಡರಿನ ಅರ್ಧವನ್ನು ಮೈನಸ್‌ಗೆ ಸೇರಿಸಿ, ಅಂತರದ ಲೆಕ್ಕ ಕಳೆದರೆ ಮೈನಸ್ 4.00ದ ಸಾದಾ ಲೆನ್ಸ್ ಸಾಕಾಗಬಹುದು. ಇದು ಕಾಗದದ ಮೇಲಿನ ಲೆಕ್ಕ. ಕೊನೆಯ ನಂಬರ್ ಕಣ್ಣಿಗೆ ಹಾಕಿ ನೋಡಿದ ಮೇಲೆಯೇ ತೀರ್ಮಾನ.

ನನ್ನ ಅಭಿಪ್ರಾಯ ಕೇಳಿದರೆ, ಕೆಲಸದ ಹೊತ್ತಿಗೆ ಕನ್ನಡಕ, ಆಟದ ಹೊತ್ತಿಗೆ ದಿನಕ್ಕೊಂದು ಹಾಕಿ ಬಿಸಾಡುವ ಲೆನ್ಸ್. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸುವುದು ತುಂಬಾ ಕಡಿಮೆಯಾಗುತ್ತದೆ. ಲೆನ್ಸ್ ಒಣಗುತ್ತದೆ. ಟೋರಿಕ್ ಲೆನ್ಸನ್ನು ಜಾಗಕ್ಕೆ ತರುವುದೇ ರೆಪ್ಪೆಯ ಮಿಟುಕು, ಅದೇ ಇಲ್ಲದಿದ್ದರೆ ಮಂಜು ಬರದೇ ಇರುತ್ತದೆಯೇ? ಆಟದಲ್ಲಿ ಲೆನ್ಸಿನ ಲಾಭ ದೊಡ್ಡದು. ಫ್ರೇಮಿನ ಅಂಚು ಅಡ್ಡ ಬರುವುದಿಲ್ಲ, ಪಕ್ಕದ ನೋಟ ಸಿಗುತ್ತದೆ, ವಸ್ತುಗಳು ನಿಜವಾದ ಗಾತ್ರಕ್ಕೆ ಹತ್ತಿರ ಕಾಣುತ್ತವೆ. ಆದರೆ ಟ್ರಯಲ್ ಹಾಕಿಕೊಂಡು ಒಮ್ಮೆ ಆಡಿಯೇ ನೋಡಿ. ಕುರ್ಚಿಯಲ್ಲಿ ಕೂತು ಅಕ್ಷರ ಓದುವುದು ಬೇರೆ, ತಲೆ ಎತ್ತಿ ಷಟಲ್ ಹುಡುಕುವುದು ಬೇರೆ. ಮತ್ತೆ, ಷಟಲ್ ನೇರ ಕಣ್ಣಿಗೆ ಬಡಿದರೆ ಲೆನ್ಸ್ ಕಾಪಾಡುವುದಿಲ್ಲ. ಲೆನ್ಸಿನ ಮೇಲೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕ್ರೀಡಾ ಕನ್ನಡಕ ಹಾಕಿದರೆ ನನಗೆ ಸಮಾಧಾನ. ಡಬಲ್ಸ್ ಆಡುವವರಾದರೆ ಖಂಡಿತ ಹಾಕಿ.

ಲೆನ್ಸ್ ಬಂತು ಅಂತ ಕನ್ನಡಕವನ್ನು ಕಡೆಗಣಿಸಬೇಡಿ. ಕಣ್ಣು ಕೆಂಪಾದ ದಿನ ಲೆನ್ಸ್ ಹಾಕುವ ಹಾಗೇ ಇಲ್ಲ. ಆವತ್ತು ಹಳೇ ನಂಬರಿನ, ಕಾಲು ಸಡಿಲಾದ ಕನ್ನಡಕ ಇದ್ದರೆ ನೀವು ಹಟಕ್ಕೆ ಲೆನ್ಸನ್ನೇ ಹಾಕಿಬಿಡುತ್ತೀರಿ.

ಪ್ರಶ್ನೆ: ನನಗೆ 43. ಮೈನಸ್ 5 ನಂಬರ್. ಕನ್ನಡಕ ಬಿಟ್ಟು ಲೆನ್ಸ್ ಹಾಕಿದಾಗಿನಿಂದ ದೂರ ಚೆನ್ನಾಗಿದೆ, ಫೋನ್ ಓದಲು ಕಷ್ಟ. ಲೆನ್ಸ್ ಕಣ್ಣು ಕೆಡಿಸಿತಾ?

ಉತ್ತರ: ಇಲ್ಲ. ಕೆಡಿಸಿಲ್ಲ. ಈ ವಯಸ್ಸಿಗೆ ಹತ್ತಿರದ ನೋಟ ಎಲ್ಲರಿಗೂ ಸಡಿಲವಾಗುತ್ತದೆ. ಮೈನಸ್ ಕನ್ನಡಕ ಹಾಕಿದವರಿಗೆ ಹತ್ತಿರ ಓದುವಾಗ ಕಣ್ಣಿಗೆ ಸ್ವಲ್ಪ ಶ್ರಮ ಉಳಿಯುತ್ತದೆ, ಲೆನ್ಸಿನಲ್ಲಿ ಆ ಉಳಿತಾಯ ಇಲ್ಲ. ಅದೂ ಅಲ್ಲದೆ ಮೊದಲು ಕನ್ನಡಕ ಮೇಲೆತ್ತಿ ಓದುತ್ತಿದ್ದಿರಿ, ಈಗ ಲೆನ್ಸ್ ಎತ್ತಲಾಗದು. ಲೆನ್ಸಿನ ಮೇಲೆ ಓದುವ ಕನ್ನಡಕ ಹಾಕುವುದು ಸುಲಭದ ದಾರಿ. ದೂರ, ಹತ್ತಿರ ಎರಡಕ್ಕೂ ಒಂದೇ ಆಗುವ ಮಲ್ಟಿಫೋಕಲ್ ಲೆನ್ಸನ್ನೂ ಟ್ರಯಲ್ ಕೇಳಬಹುದು.

ಪ್ರಶ್ನೆ: ತಿಂಗಳ ಲೆನ್ಸ್ ಹಾಕುತ್ತೇನೆ. ದ್ರಾವಣ ಮುಗಿದಾಗ ಕುಡಿಯುವ ನೀರಿನಲ್ಲಿ ಇಟ್ಟರೆ ನಡೆಯುತ್ತಾ?

ಉತ್ತರ: ದಯವಿಟ್ಟು ಬೇಡ. ಕುದಿಸಿ ಆರಿಸಿದ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಕಾರ್ನಿಯಾಕ್ಕೆ ತಗುಲಿದರೆ ವಿಪರೀತ ನೋವು, ತಿಂಗಳುಗಟ್ಟಲೆ ಚಿಕಿತ್ಸೆ, ಕೆಲವರಿಗೆ ದೃಷ್ಟಿಯೇ ಹೋಗುತ್ತದೆ. ಲೆನ್ಸ್ ಹಾಕಿಕೊಂಡು ಸ್ನಾನ, ಈಜು ಕೂಡ ಬೇಡ. ಡಬ್ಬಿಯಲ್ಲಿ ಉಳಿದ ಹಳೇ ದ್ರಾವಣಕ್ಕೆ ಹೊಸದನ್ನು ಬೆರೆಸಬೇಡಿ, ಪೂರ್ತಿ ಚೆಲ್ಲಿ ಹೊಸದು ಹಾಕಿ. ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸಿ. ದ್ರಾವಣ ಮುಗಿದ ರಾತ್ರಿ ಲೆನ್ಸ್ ಹಾಕಿಕೊಂಡೇ ಮಲಗುವುದೂ ಪರಿಹಾರವಲ್ಲ, ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಆ ಜೋಡಿಯನ್ನು ಬಿಸಾಡಿ. ನೋವು, ಕೆಂಪು, ಬೆಳಕು ಚುಚ್ಚುವುದು, ಈ ಮೂರರಲ್ಲಿ ಒಂದು ಕಂಡರೂ ಲೆನ್ಸ್ ತೆಗೆದು ಅವತ್ತೇ ಕಣ್ಣಿನ ವೈದ್ಯರ ಬಳಿ ಹೋಗಿ. ಹೋಗುವಾಗ ಆ ಲೆನ್ಸ್ ಮತ್ತು ಡಬ್ಬಿಯನ್ನೂ ಒಯ್ಯಿರಿ, ಸೋಂಕು ಯಾವುದೆಂದು ಪರೀಕ್ಷಿಸಲು ಬೇಕಾಗಬಹುದು.