ಎಂಆರ್‌ಐಲಿ ಸಿಸ್ಟ್ ಅಂತ ಬಂದಿದೆ, ಮಂಡಿ ಆಪರೇಷನ್ ಬೇಕಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಂಗೆ 56 ವರ್ಷ, ತೂಕ 74 ಕೆಜಿ, ಅರಸೀಕೆರೆ ಹತ್ರ ಹಳ್ಳಿ. ಎರಡು ತಿಂಗಳಿಂದ ಬಲಮಂಡಿ ಊದ್ಕೊಂಡಿದೆ, ಕೂತ್ರೆ ಏಳೋಕೆ ಗೋಡೆ ಹಿಡ್ಕೋಬೇಕು. ಎಂಆರ್‌ಐ ರಿಪೋರ್ಟಲ್ಲಿ ಮೆನಿಸ್ಕಸ್ ಗ್ರೇಡ್ 2 ಸಿಗ್ನಲ್, ಕಾರ್ಟಿಲೇಜ್ ಥಿನ್ನಿಂಗ್, ಆಸ್ಟಿಯೋಫೈಟ್ಸ್, ಮೈಲ್ಡ್ ಎಫ್ಯೂಷನ್, ಸ್ಮಾಲ್ ಬೇಕರ್ಸ್ ಸಿಸ್ಟ್ ಅಂತಿದೆ. ಮಗ ಫೋನಲ್ಲಿ ಹುಡುಕಿ ಆಪರೇಷನ್ನೇ ಗತಿ ಅಂತಾನೆ. ಸಿಸ್ಟ್ ಅಂದ್ರೆ ಗಡ್ಡೆನಾ? ನಡೆದ್ರೆ ಇನ್ನೂ ಸವೆಯುತ್ತಾ?

ಉತ್ತರ: ಅಮ್ಮಾ, ಮೊದ್ಲು ಗಡ್ಡೆ ಭಯ ಬಿಡಿ. ಬೇಕರ್ಸ್ ಸಿಸ್ಟ್ ಅಂದ್ರೆ ಮಂಡಿಯೊಳಗೆ ಜಾಸ್ತಿಯಾದ ನೀರು ಹಿಂದಗಡೆ ಒಂದು ಚೀಲದ ಹಾಗೆ ತುಂಬ್ಕೊಳ್ಳೋದು, ಕ್ಯಾನ್ಸರ್ ಅಲ್ಲ, ಒಳಗಿನ ಊತ ಇಳಿದ್ರೆ ಬಹಳಷ್ಟು ಸಲ ಅದೂ ಇಳಿಯುತ್ತೆ. ಎಫ್ಯೂಷನ್ ಅಂದ್ರೆ ಅದೇ ನೀರು. ಎರಡೂ ಕಾಲು ಚಾಚಿ ಕೂತು ನೋಡಿ, ಎಡಮಂಡಿ ಚಿಪ್ಪಿನ ಪಕ್ಕ ಸಣ್ಣ ಹಳ್ಳ ಕಾಣುತ್ತಲ್ಲ, ಬಲಗಡೆ ಅದು ಮುಚ್ಚೋಗಿರುತ್ತೆ. ದಿನಾ ಅದನ್ನೇ ನೋಡ್ತಿದ್ರೆ ಊತ ಇಳೀತಾ ಏರ್ತಾ ಗೊತ್ತಾಗುತ್ತೆ. ಇಷ್ಟು ಕಮ್ಮಿ ನೀರನ್ನ ಸೂಜಿ ಹಾಕಿ ತೆಗೆಸೋ ಅಗತ್ಯ ಸಾಮಾನ್ಯವಾಗಿ ಬರಲ್ಲ.

ಗ್ರೇಡ್ 2 ಅಂದ್ರೆ ಹರಿದಿದೆ ಅಂತಲ್ಲ. ಮೆನಿಸ್ಕಸ್ ಅನ್ನೋದು ಎರಡು ಎಲುಬಿನ ಮಧ್ಯದ ಮೆತ್ತೆ, ಅದರೊಳಗೆ ವಯಸ್ಸಿನ ಗುರುತು ಕಂಡಿದೆ, ಮೇಲ್ಮೈವರೆಗೂ ಬಂದಿಲ್ಲ ಅಷ್ಟೆ. ಹರಿದಿದ್ರೂ ಅದೇ ನೋವಿಗೆ ಕಾರಣ ಅಂತ ಹೇಳೋಕಾಗಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಲ್ಲಿ 50 ದಾಟಿದ ಸುಮಾರು ಸಾವಿರ ಜನಕ್ಕೆ ಎಂಆರ್‌ಐ ಮಾಡಿ 2008ರಲ್ಲಿ ಲೆಕ್ಕ ಕೊಟ್ರು, ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಜನಕ್ಕೆ ಹಿಂದಿನ ತಿಂಗಳು ನೋವು, ಬಿಗಿತ ಏನೂ ಇರ್ಲಿಲ್ಲ. ಹಾಗಾಗಿ ಬರೀ ರಿಪೋರ್ಟ್ ನೋಡಿ ಆಪರೇಷನ್ ಅಂದ್ರೆ ನಾನು ಒಪ್ಪಲ್ಲ, ಮಂಡಿ ಮುಟ್ಟಿ, ನಡೆಸಿ ನೋಡಿದ ಮೇಲೇ ಆ ಮಾತು. ಇನ್ನು ಕಾರ್ಟಿಲೇಜ್ ಥಿನ್ನಿಂಗ್ ಅಂದ್ರೆ ಎಲುಬಿನ ತುದಿ ಮೇಲಿನ ನುಣುಪು ಪದರ ತೆಳ್ಳಗಾಗೋದು, ಆಸ್ಟಿಯೋಫೈಟ್ಸ್ ಅಂದ್ರೆ ಎಲುಬಿನ ಅಂಚಲ್ಲಿ ಬೆಳೆದ ಸಣ್ಣ ಮುಳ್ಳು, ಎರಡೂ ಸವೆತದ ಗುರುತು. ಆ ಸವೆತ ಎಷ್ಟಿದೆ ಅಂತ ತಿಳಿಯೋಕೆ ನಿಂತ್ಕೊಂಡು ತೆಗೆಸೋ ಎಕ್ಸ್‌ರೇ ಎಷ್ಟೋ ಸಲ ಸಾಕಾಗುತ್ತೆ.

ನಿಮ್ಮ ಮಂಡಿಗೆ ಈಗ ಬೇಕಾಗಿರೋದು ತೊಡೆ ಶಕ್ತಿ. ಮಂಡಿ ಊದಿದ್ರೆ ತೊಡೆ ಮುಂದಿನ ಸ್ನಾಯು ಸರಿಯಾಗಿ ಕೆಲಸ ಮಾಡಲ್ಲ, ಸೊರಗುತ್ತೆ. ಒಂದು ದಾರ ತಗೊಂಡು ಚಿಪ್ಪಿಂದ ಗೇಣು ಮೇಲೆ ಎರಡೂ ತೊಡೆ ಸುತ್ತಿ ಅಳೆದು ನೋಡಿ, ಬಲಗಡೆದು ಸಣ್ಣ ಆಗಿರಬಹುದು. ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು ಕೆಳಕ್ಕೆ ಒತ್ತಿ ಹತ್ತು ಎಣಿಸಿ ಬಿಡಿ, ಕೈಯಿಟ್ರೆ ತೊಡೆ ಗಟ್ಟಿಯಾಗಿರ್ಬೇಕು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ, ಎಂಟತ್ತು ವಾರ ಬಿಡದೆ ಮಾಡಿ, ನಾಲ್ಕು ದಿನಕ್ಕೆ ಫಲ ಕಾಣಲ್ಲ. ನಡೆದ್ರೆ ಸವೆಯಲ್ಲ, ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಸ್ವಲ್ಪ ನಡೀರಿ, ಮಾರನೇ ದಿನ ಊತ ಜಾಸ್ತಿ ಆದ್ರೆ ದೂರ ಕಮ್ಮಿ ಮಾಡಿ. ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯೋದು, ಚಕ್ಕಳಮಕ್ಕಳ ಹಾಕಿ ಕೂರೋದು ಸದ್ಯಕ್ಕೆ ಬೇಡ, ಕಕ್ಕಸಿಗೆ ಕುರ್ಚಿ ಥರದ್ದು ಮಾಡಿಸ್ಕೊಡೋಕೆ ಮಗನಿಗೆ ಹೇಳಿ. ತೂಕ ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಕಮ್ಮಿ ಆಗುತ್ತೆ, ಐದು ಕೆಜಿ ಇಳಿದ್ರೆ ಎಷ್ಟು ನೋಡಿ.

ಊದಿದಾಗ ಬಟ್ಟೆಲಿ ಸುತ್ತಿದ ಐಸ್ 15 ನಿಮಿಷ ಇಡಿ. ನೋವಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು, ಆದ್ರೆ ಬಿಪಿ, ಶುಗರ್, ಕಿಡ್ನಿ ತೊಂದ್ರೆ ಇದ್ರೆ ಮೆಡಿಕಲ್ ಶಾಪಲ್ಲಿ ಕೇಳಿ ನೋವಿನ ಮಾತ್ರೆ ನುಂಗ್ಲೇಬೇಡಿ. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದ್ರೆ, ಮೀನಖಂಡ ದಿಢೀರಂತ ಊದಿ ನೋವಾದ್ರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಮಂಡಿ ಲಾಕ್ ಆಗಿ ನೆಟ್ಟಗಾಗದಿದ್ರೂ ತಡ ಮಾಡದೆ ತೋರಿಸಿ.

ಇನ್ನೊಂದು, ಕೋಲು ಹಿಡಿಯೋದಾದ್ರೆ ಎಡಗೈಲಿ ಹಿಡೀರಿ, ನೋವಿರೋದು ಬಲಮಂಡಿ ಆದ್ರೂ. ಬಲಗಾಲು ಮುಂದಿಡುವಾಗ ಜೊತೆಗೇ ಕೋಲೂ ಊರಿ.