ಭಾಷಾ ಪ್ರಶ್ನೋತ್ತರ: ಸ್ಪ್ಯಾನಿಷ್‌ನ ಡಬ್ಬಾ, ದರಿದ್ರ, ಕಿತ್ತೋಗಿರೋ

ಪ್ರಶ್ನೆ: ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಯಾವುದು ಚೆನ್ನಾಗಿಲ್ಲದಿದ್ದರೂ ‘ಮಾಲೊ’ ಎಂದುಬಿಡುತ್ತೇನೆ. ಸ್ಪೇನಿನ ಜನ ಮಾತಿನಲ್ಲಿ ಏನನ್ನುತ್ತಾರೆ? ಅದರಲ್ಲಿ ಹೊಲಸು ಮಾತು ಯಾವುದು?
– ಓದುಗರು, ಬೆಂಗಳೂರು

ಉತ್ತರ: ಮೊದಲು ‘ಮಾಲೊ’ದ ಲೆಕ್ಕವೇ ಸರಿಯಾಗಲಿ. ಮನುಷ್ಯನನ್ನು ‘ಎಸ್ ಮಾಲೊ’ ಎಂದರೆ ಅವನು ಕೆಟ್ಟವನು. ‘ಎಸ್ತಾ ಮಾಲೊ’ ಎಂದರೆ ಸ್ಪೇನಿನಲ್ಲಿ ಅವನಿಗೆ ಹುಷಾರಿಲ್ಲ. ಹಾಲಿಗೆ ‘ಎಸ್ತಾ ಮಾಲಾ’ ಎಂದರೆ ಕೆಟ್ಟುಹೋಗಿದೆ.

ಧೈರ್ಯವಾಗಿ ಬಳಸಬಹುದಾದವು ನಾಲ್ಕು. ‘ಫತಾಲ್’ನಲ್ಲಿ ಸಾವಿನ ಸುಳಿವೇನೂ ಬೇಕಿಲ್ಲ: ‘ಲೊ ಪಸೆ ಫತಾಲ್’ ಎಂದರೆ ಹೊತ್ತು ಕಳೆದದ್ದೇ ಹಿಂಸೆಯಾಯಿತು ಎಂದಷ್ಟೆ. ‘ಕುತ್ರೆ’ ಅಗ್ಗದ, ಕಳೆಗೆಟ್ಟ ಹೋಟೆಲಿಗೆ, ಪೀಠೋಪಕರಣಕ್ಕೆ; ಲಿಂಗ ಬದಲಾದರೂ ರೂಪ ಬದಲಾಗದು. ‘ಚುಂಗೊ’ ಸ್ಪೇನಿನ ಜಿಪ್ಸಿಗಳ ಕಾಲೊ ಮಾತಿನಿಂದ ಬಂದದ್ದು. ಪರೀಕ್ಷೆ ಚುಂಗೊ ಆದರೆ ಕಷ್ಟ, ಮನುಷ್ಯ ಚುಂಗೊ ಆದರೆ ನಂಬುವಂತಿಲ್ಲ. ಇದಕ್ಕೆ ಸ್ತ್ರೀಲಿಂಗದಲ್ಲಿ ‘ಚುಂಗಾ’ ಆಗಲೇಬೇಕು. ತೋಪಾದ ಸಿನಿಮಾ, ಓದಲಾಗದ ಕಾದಂಬರಿಗೆ ‘ಬೊದ್ರಿಯೊ’ ಇದೆ. ಮೂಲದಲ್ಲಿ ಅದು ಮಠಗಳ ಬಾಗಿಲಲ್ಲಿ ಬಡವರಿಗೆ ಹಾಕುತ್ತಿದ್ದ, ಉಳಿದದ್ದನ್ನೆಲ್ಲ ಸುರಿದ ಸಾರು!

ಇನ್ನು ಹೊಲಸು. ‘ಮಿಯೆರ್ದಾ’ ಎಂದರೆ ಮಲ. ‘ಉನಾ ಮಿಯೆರ್ದಾ ದೆ ಕೋಚೆ’, ‘ಉನ್ ಕೋಚೆ ದೆ ಮಿಯೆರ್ದಾ’ ಎರಡೂ ‘ಕಿತ್ತೋಗಿರೋ ಕಾರು’. ಹತ್ತು ಕಾರುಗಳಿದ್ದರೂ ‘ಸೊನ್ ಉನಾ ಮಿಯೆರ್ದಾ’ ಎಂದು ಏಕವಚನದಲ್ಲೇ ಹೇಳುವುದು ರೂಢಿ. ಕಲಿಯುವವರು ತಪ್ಪುವುದು ಇಲ್ಲೇ. ಮಕ್ಕಳೆದುರು ನಾಲಿಗೆ ತುದಿಗೆ ಬಂದರೆ ‘ಮಿಯೆರ್ಕೊಲೆಸ್’ (ಬುಧವಾರ) ಎಂದು ತಿರುಗಿಸಿಬಿಡುತ್ತಾರೆ. ಕೆಲಸ ಹದಗೆಟ್ಟರೆ ‘ಮೆ ಸಲಿಯೊ ಕೊಮೊ ಎಲ್ ಕೂಲೊ’, ಕೂಲೊ ಎಂದರೆ ಕುಂಡೆ. ‘ಕೊಞಾಥೊ’ದ ಬೇರು ಹೆಣ್ಣಿನ ಗುಪ್ತಾಂಗವಾದರೂ ಅರ್ಥ ತಲೆಚಿಟ್ಟು ಹಿಡಿಸುವ ಬೋರು ಎಂದು ಮಾತ್ರ. ಗೆಳೆಯರಲ್ಲಿ ಸಲೀಸಾಗಿ ಓಡಾಡುತ್ತದೆ, ಸಂದರ್ಶನದಲ್ಲಿ ಬೇಡ.

ಪ್ರಶ್ನೆ: ಮೆಕ್ಸಿಕೋದ ಸಹೋದ್ಯೋಗಿ ಕಂಪ್ಯೂಟರಿಗೆ ‘ಪಿಂಚೆ’ ಎಂದರು. ನಿಘಂಟಿನಲ್ಲಿ ‘ಅಡುಗೆಮನೆ ಸಹಾಯಕ’ ಎಂದಿದೆ!
– ಓದುಗರು, ಮೈಸೂರು

ಉತ್ತರ: ನಿಘಂಟು ಸ್ಪೇನಿನದು ಹೇಳುತ್ತಿದೆ, ಅಲ್ಲಿ ಕೆಲಸದ ಜಾಹೀರಾತಿನಲ್ಲೂ ಆ ಪದ ಬರುತ್ತದೆ. ಮೆಕ್ಸಿಕೋದಲ್ಲಿ ಅದು ನಮ್ಮ ‘ದರಿದ್ರ’ದ ಜಾಗದಲ್ಲಿ ಕೂರುತ್ತದೆ, ಆದರೆ ಅದಕ್ಕಿಂತ ಒರಟು. ನಾಮಪದಕ್ಕೆ ಮುಂಚೆಯೇ ಇಡಬೇಕು: ‘ಪಿಂಚೆ ಕೊಂಪುತದೋರಾ’. ಲಿಂಗಭೇದವಿಲ್ಲ, ಬಹುವಚನಕ್ಕೆ ‘ಪಿಂಚೆಸ್’. ಕಚೇರಿಯಲ್ಲಿ ನೀವು ಹೇಳಬಹುದಾದದ್ದು ‘ಚಾಫಾ’, ಅಂದರೆ ಡಬ್ಬಾ ಮಾಲು, ನಕಲಿ. ‘ದೆ ಲಾ ಚಿಂಗಾದಾ’ ಕೇಳಿಬಂದರೆ ಪರಿಸ್ಥಿತಿ ತೀರಾ ಕೆಟ್ಟಿದೆ ಎಂದರ್ಥ; ಬಹಳ ಅಸಭ್ಯ. ಅದಕ್ಕೆ ಮುಸುಕು ಹಾಕಿ ‘ದೆ ಲಾ ಫ್ರೆಗಾದಾ’ ಎನ್ನುವವರುಂಟು.

ಪ್ರಶ್ನೆ: ‘ದೆ ಪೂತಾ ಮಾದ್ರೆ’ ತಾಯಿಯನ್ನು ಎತ್ತಿ ಆಡಿದ ಬೈಗುಳವೇ?
– ಓದುಗರು, ಧಾರವಾಡ

ಉತ್ತರ: ಸ್ಪೇನಿನಲ್ಲಿ ಅದು ಹೊಗಳಿಕೆ, ಬೊಂಬಾಟ್! ‘ಪೂತಾ’ (ಸೂಳೆ) ಇಲ್ಲಿ ಒತ್ತು ಕೊಡುವ ಪದವಷ್ಟೆ. ‘ದೆ ಪೇನಾ’ ಎಂದರೆ ಅಯ್ಯೋ ಅನ್ನಿಸುವಷ್ಟು ಕಳಪೆ. ಅದರೊಳಗೆ ಪೂತಾ ಸೇರಿಸಿ ‘ದೆ ಪೂತಾ ಪೇನಾ’ ಎಂದರೆ ಕಳಪೆಗಿಂತ ಕಳಪೆ. ಹೊಗಳಿಕೆಯೇ ಆದರೂ ಭಾಷೆ ಹೊಲಸೇ ಎಂಬುದು ನೆನಪಿರಲಿ. ಮೆಕ್ಸಿಕೋದಲ್ಲಿ ‘ಮಾದ್ರೆ’ (ತಾಯಿ) ಇನ್ನೂ ಗೋಜಲು: ‘ಆ ತೋದಾ ಮಾದ್ರೆ’ ಭರ್ಜರಿ, ‘ವಾಲೆ ಮಾದ್ರೆ’ ಮೂರು ಕಾಸಿನದು, ‘ಕೆ ಪೋಕಾ ಮಾದ್ರೆ’ ಎಂದು ಸಿಟ್ಟಿನಲ್ಲಿ ಕೂಗಿದರೆ ಎಂಥ ನಾಚಿಕೆಗೇಡಿ, ಆದರೆ ‘ದೆ ಪೋಕಾ ಮಾದ್ರೆ’ ಮತ್ತೆ ಸೂಪರ್. ಕೊಲಂಬಿಯಾದಲ್ಲಂತೂ ಕೊನೆಯ ಸ್ವರವೇ ಅರ್ಥ ತಿರುಗಿಸುತ್ತದೆ: ‘ಚಿಂಬೊ’ ಕಳಪೆ, ‘ಕೆ ಚಿಂಬಾ’ ಅಬ್ಬಾ ಎಷ್ಟು ಚೆಂದ. ಸ್ವರ ನುಂಗಿ ಮಾತಾಡುವವರು ಅಲ್ಲಿ ಸ್ವಲ್ಪ ಜೋಪಾನ.

ಪ್ರಶ್ನೆ: ಅರ್ಜೆಂಟೀನಾ, ಚಿಲಿಯಲ್ಲಿ?
– ಓದುಗರು, ಮಂಗಳೂರು

ಉತ್ತರ: ಅರ್ಜೆಂಟೀನಾದಲ್ಲಿ ನಕಲಿಗೆ ‘ತ್ರೂಚೊ’, ಕಳಪೆ ತಯಾರಿಕೆಗೆ ‘ಬೆರ್ರೇತಾ’, ‘ಕೊಮೊ ಎಲ್ ಓರ್ತೊ’ ಅಲ್ಲಿನ ಕೂಲೊ, ಅಷ್ಟೇ ಹೊಲಸು. ಚಿಲಿಯಲ್ಲಿ ಬೋರಿಗೆ ‘ಫೋಮೆ’, ಕಳಪೆಗೆ ‘ಪೆಂಕಾ’. ಉಚ್ಚಾರದಲ್ಲಿ ತ, ದ ನಮ್ಮವೇ. ಇಂಗ್ಲಿಷಿನ ಅಭ್ಯಾಸಬಲದಿಂದ ‘ಟ್ರೂಚೊ’, ‘ಕುಟ್ರೆ’ ಎನ್ನಬೇಡಿ.